ಅಮೆರಿಕದ ಕ್ಯಾಂಪಸ್ ಹೀಟಿಂಗು, ಅದರ ಹಿಂದಿನ ಕಥೆ: ಪದೇ ಪದೇ ಕೇಳೋ ಪ್ರಶ್ನೆಗಳು

ಆಗಸ್ಟಲ್ಲಿ ನಮ್ಮ ಕಡೆಯಿಂದ ಓದೋಕೆ ಅಂತ ಬಂದಿಳಿಯೋ ಹುಡುಗ್ರು ಹುಡ್ಗೀರು ಮೊದಲೆರಡು ತಿಂಗಳು ಸಿಮ್ಮು, ಬ್ಯಾಂಕು, ರೂಮ್‌ಮೇಟು ಅಂತ ಕೇಳ್ತಾ ಇರ್ತಾರೆ, ಅಕ್ಟೋಬರ್ ದಾಟಿದ್ಮೇಲೆ ಎಲ್ಲರದ್ದೂ ಹೀಟಿಂಗ್ ಪ್ರಶ್ನೆನೇ. ಪೈಪ್ ಯಾಕೆ ಬಡ್ಕೊಳತ್ತೆ, ರಸ್ತೆಲಿ ಯಾಕೆ ಹೊಗೆ ಬರತ್ತೆ, ಚಳಿಗಾಲದಲ್ಲಿ ರೂಮ್ ಯಾಕೆ ಕುದಿಯತ್ತೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋ ಬದಲು ಒಂದೇ ಕಡೆ ಬರೆದಿಟ್ಟಿದೀನಿ. ಸ್ವಲ್ಪ ಇತಿಹಾಸ ಜಾಸ್ತಿ ಇದೆ, ಬೇಜಾರಾಗ್ಬೇಡಿ, ಯಾಕಂದ್ರೆ ಈಗಿನ ತಲೆನೋವುಗಳಲ್ಲಿ ಮುಕ್ಕಾಲು ಪಾಲು ನೂರು ವರ್ಷದ ಹಿಂದೆ ಯಾರೋ ಹಾಕಿದ ಪೈಪಿಂದನೇ ಬಂದಿರೋದು.

ನನ್ನ ಡಾರ್ಮ್ (ಹಾಸ್ಟೆಲ್) ರೂಮಲ್ಲಿ ಹೀಟರಿಗೆ ಸ್ವಿಚ್ಚೇ ಇಲ್ಲ. ಬಿಸಿ ಎಲ್ಲಿಂದ ಬರ್ತಿದೆ?

ನಿಮ್ಮ ಬಿಲ್ಡಿಂಗಲ್ಲೇ ಹುಟ್ಟೋ ಬಿಸಿ ಅಲ್ಲ ಅದು. ಕ್ಯಾಂಪಸ್ಸಿನ ಯಾವುದೋ ಮೂಲೆಲಿ ಎತ್ತರದ ಚಿಮಣಿ ಇರೋ ಒಂದು ಕಟ್ಟಡ ಇರತ್ತೆ ನೋಡಿ, ಅದೇ ಹೀಟಿಂಗ್ ಪ್ಲಾಂಟ್. ನಮ್ಮ ಬಚ್ಚಲುಮನೆ ಹಂಡೆ ಒಲೆ ಇದೆಯಲ್ಲ, ಇಡೀ ಊರಿಗೆ ಅಂಥದ್ದು ಒಂದೇ ಒಂದು ಇದ್ದಂಗೆ ಅಂದ್ಕೊಳಿ. ಅಲ್ಲಿ ದೊಡ್ಡ ಬಾಯ್ಲರಲ್ಲಿ ನೀರು ಕಾಯಿಸಿ ಸ್ಟೀಮ್ ಮಾಡ್ತಾರೆ, ಸ್ಟೀಮ್ ತನ್ನ ಒತ್ತಡಕ್ಕೇ ನೆಲದಡಿ ಪೈಪಲ್ಲಿ ಕಿಲೋಮೀಟರ್‌ಗಟ್ಟಲೆ ಓಡತ್ತೆ, ಪಂಪ್ ಬೇಡ, ಅದೇ ಅದರ ದೊಡ್ಡ ಗುಣ. ನಿಮ್ಮ ರೂಮಿನ ರೇಡಿಯೇಟರಿಗೆ (ಗೋಡೆ ಪಕ್ಕ ಇರೋ ಆ ಲೋಹದ ಹೀಟರಿಗೆ) ಬಂದು ತಣ್ಣಗಾಗಿ ಮತ್ತೆ ನೀರಾಗತ್ತೆ, ಆಗ ಬಿಡೋ ಬಿಸಿ ಸಾಮಾನ್ಯದ್ದಲ್ಲ. ಒಂದು ಕೆಜಿ ಸ್ಟೀಮ್ ನೀರಾಗುವಾಗ ಸುಮಾರು 2257 ಕಿಲೋಜೂಲ್ ಬಿಡತ್ತೆ, ಅಂದ್ರೆ ಒಂದು ಕೆಜಿ ನೀರನ್ನ ಸೊನ್ನೆ ಡಿಗ್ರಿಯಿಂದ ನೂರಕ್ಕೆ ಕಾಯಿಸೋಕೆ ಬೇಕಾಗೋದರ ಐದು ಪಟ್ಟಿಗಿಂತ ಜಾಸ್ತಿ. ಉಳಿದ ನೀರು ಬೇರೆ ಪೈಪಲ್ಲಿ ವಾಪಸ್ ಪ್ಲಾಂಟಿಗೆ ಹೋಗತ್ತೆ.

ಸ್ವಿಚ್ ಯಾಕಿಲ್ಲ ಅಂದ್ರೆ ಇದಕ್ಕೇ. ಒಲೆ ನಿಮ್ಮ ಕೈಲಿಲ್ಲ. ಮುಂದಿನ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರತ್ತೆ.

ಸ್ಟೀಮ್ ಬರೋಕ್ ಮುಂಚೆ ಸ್ಟೂಡೆಂಟ್ಸ್ ಏನ್ ಮಾಡ್ತಿದ್ರು?

ತಮ್ಮ ಬೆಂಕಿ ತಾವೇ ಹಾಕ್ಕೊಳ್ತಿದ್ರು. ಹಳೇ ಕಾಲೇಜುಗಳಲ್ಲಿ ಪ್ರತಿ ರೂಮಿಗೂ ಒಂದು ಅಗ್ಗಿಷ್ಟಿಕೆ, ಇಲ್ಲಾಂದ್ರೆ ಕಬ್ಬಿಣದ ಸ್ಟೌವ್. ಸೌದೆ ಕೊಳ್ಳೋದು, ಸೀಳೋದು, ಮೆಟ್ಟಿಲು ಹತ್ತಿಸೋದು, ಬೂದಿ ತೆಗೆದು ಹಾಕೋದು ಇದೆಲ್ಲ ಓದಿನ ಜೊತೆಗೇ ಇದ್ದ ಕೆಲಸ. ಕಾಸಿದ್ದವರು ಆಳಿಟ್ಟು ಮಾಡಿಸ್ತಿದ್ರು, ಇಲ್ಲದವರು ಒಂದೇ ಬೆಂಕಿ ಮುಂದೆ ನಾಲ್ಕು ಜನ ಕೂತು ಓದ್ತಿದ್ರು.

ನನಗೆ ತುಂಬಾ ಇಷ್ಟವಾದ ವಿಷಯ ಹಾರ್ವರ್ಡಿನ ಫಿರಂಗಿ ಗುಂಡು. 1820ರ ದಶಕದಲ್ಲಿ ಅಲ್ಲಿ ಓದಿದವರು ಆಮೇಲೆ ಬರೆದಿಟ್ಟಿರೋ ಪ್ರಕಾರ ಹೆಚ್ಚುಕಡಿಮೆ ಎಲ್ಲ ರೂಮಲ್ಲೂ ಒಂದು ಹಳೇ ಫಿರಂಗಿ ಗುಂಡು ಇರ್ತಿತ್ತಂತೆ. ತುಂಬಾ ಚಳಿ ಇದ್ದ ದಿನ ಅದನ್ನ ಬೆಂಕಿಲಿ ಕೆಂಪಗೆ ಕಾಯಿಸಿ, ಬಾಣಲೆ ತರದ್ದೇನೋ ಇಟ್ಟು ಅದರ ಮೇಲೆ ರೂಮ್ ಮಧ್ಯೆ ಇಟ್ಕೊಳ್ತಿದ್ರು, ಅದೇ ಹೀಟರ್. ಚಳಿ ಹೋದ್ಮೇಲೆ ಅದೇ ಗುಂಡನ್ನ ನಡುರಾತ್ರಿಲಿ ಮೆಟ್ಟಿಲ ಮೇಲಿಂದ ಉರುಳಿಸಿ ಬಿಡೋದು, ಧಡ್ ಧಡ್ ಧಡ್ ಅಂತ ಕೆಳಗಿನ ತನಕ, ಯಾಕೆ ಅಂದ್ರೆ ವಾರ್ಡನ್ ತರ ಇದ್ದ ಪ್ರಾಕ್ಟರ್ ನಿದ್ದೆ ಕೆಡಿಸೋಕೆ. ಹಾಸ್ಟೆಲ್ ಹುಡುಗ್ರು ಯಾವ ಕಾಲದಲ್ಲೂ ಹಾಸ್ಟೆಲ್ ಹುಡುಗ್ರೇ ಬಿಡಿ.

ಆದ್ರೆ ಬೆಂಕಿ ಅಂದ್ರೆ ಬೆಂಕಿನೇ. 1764ರ ಜನವರಿ 24ರ ರಾತ್ರಿ ಹಿಮಗಾಳಿ ಬೀಸ್ತಿದ್ದಾಗ ಹಾರ್ವರ್ಡ್ ಹಾಲ್ ಸುಟ್ಟು ಬೂದಿ ಆಯ್ತು. ಸ್ಟೂಡೆಂಟ್ಸ್ ರಜೆಲಿದ್ರು, ತಪ್ಪು ಅವರದ್ದಲ್ಲ. ಬಾಸ್ಟನ್ನಲ್ಲಿ ಸಿಡುಬು ಹರಡಿತ್ತು ಅಂತ ಪ್ರಾಂತ್ಯದ ಶಾಸನಸಭೆ ಆ ಕಟ್ಟಡಕ್ಕೆ ಬಂದು ಸಭೆ ನಡೆಸ್ತಿತ್ತು, ಅವರಿಗೋಸ್ಕರ ಲೈಬ್ರರಿ ಅಗ್ಗಿಷ್ಟಿಕೆಲಿ ಹಾಕಿದ್ದ ಬೆಂಕಿ ಒಲೆ ಕೆಳಗಿನ ಮರದ ತೊಲೆಗೆ ಹತ್ಕೊಂಡಿರಬೇಕು ಅಂತ ಆಗ್ಲೇ ಅಂದಾಜಿಸಿದ್ರು. ಸುಮಾರು 5,000 ಪುಸ್ತಕ ಹೋಯ್ತು, ಹೊರಗೆ ಎರವಲು ಹೋಗಿದ್ದವು, ಇನ್ನೂ ಪೆಟ್ಟಿಗೆ ಬಿಚ್ಚದೇ ಇದ್ದವು, ಹಿಂಗೆ ನಾನೂರು ಚಿಲ್ಲರೆ ಉಳೀತು. ಕಾಲೇಜಿಗೆ ಹೆಸರು ಕೊಟ್ಟ ಜಾನ್ ಹಾರ್ವರ್ಡ್ ಬಿಟ್ಟು ಹೋಗಿದ್ದ ನಾನೂರು ಪುಸ್ತಕದಲ್ಲಿ ಒಂದೇ ಒಂದು ಮಿಕ್ಕಿದೆ. ಅದನ್ನ ವಾಪಸ್ ತಂದುಕೊಟ್ಟ ಹುಡುಗನಿಗೆ ಪ್ರೆಸಿಡೆಂಟ್ ಥ್ಯಾಂಕ್ಸ್ ಹೇಳಿ, ಪುಸ್ತಕ ಟೈಮಿಗೆ ಕೊಟ್ಟಿಲ್ಲ ಅಂತ ಕಾಲೇಜಿಂದ ಓಡಿಸಿದ್ರು ಅಂತ ಟೂರ್ ಗೈಡುಗಳು ಹೇಳ್ತಾರೆ, ಅದು ಕಟ್ಟುಕಥೆ, ಆದ್ರೂ ಕೇಳೋಕೆ ಚೆನ್ನಾಗಿದೆ.

ಹಾಗಾದ್ರೆ ಈ ಸ್ಟೀಮ್ ವ್ಯವಸ್ಥೆ ಯಾವಾಗ ಶುರುವಾಯ್ತು?

ದುಡ್ಡು ಮಾಡೋ ವ್ಯವಹಾರ ಆಗಿ ನಡೆದಿದ್ದು 1877ರಲ್ಲಿ, ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟ್ ಅನ್ನೋ ಊರಲ್ಲಿ. ಬರ್ಡ್‌ಸಿಲ್ ಹಾಲಿ ಅನ್ನೋ ಎಂಜಿನಿಯರ್ ಒಂದೇ ಬಾಯ್ಲರಿಂದ ನೆಲದಡಿ ಪೈಪ್ ಹಾಕಿ ಹಲವು ಮನೆಗಳಿಗೆ ಸ್ಟೀಮ್ ಕೊಟ್ಟು ತೋರಿಸಿದ. 1882ಕ್ಕೆ ನ್ಯೂಯಾರ್ಕ್ ಸಿಟಿಲೇ ಸ್ಟೀಮ್ ಕಂಪನಿ ಸಪ್ಲೈ ಶುರು ಮಾಡ್ತು, ಅದು ಇವತ್ತಿಗೂ ಓಡ್ತಿದೆ.

ಯೂನಿವರ್ಸಿಟಿಗಳಿಗೆ ಇದು ಹೇಳಿ ಮಾಡಿಸಿದ್ದು. ಎಲ್ಲಾ ಕಟ್ಟಡ ಒಬ್ಬರದ್ದೇ, ಹತ್ತತ್ರ ಇರತ್ತೆ, ರಸ್ತೆ ಅಗಿಯೋಕೆ ಯಾರ ಪರ್ಮಿಶನ್ನೂ ಬೇಡ. ಪ್ರತಿ ಕಟ್ಟಡಕ್ಕೂ ಕಲ್ಲಿದ್ದಲು ಹೊರೋದು, ಪ್ರತಿ ಕಟ್ಟಡಕ್ಕೂ ಬೆಂಕಿ ಭಯ ಎರಡೂ ತಪ್ಪತ್ತೆ. ಅದಕ್ಕೇ 19ನೇ ಶತಮಾನದ ಕೊನೆ, 20ರ ಶುರುವಿನಲ್ಲಿ ಒಂದಾದ ಮೇಲೊಂದು ಕ್ಯಾಂಪಸ್ಸಲ್ಲಿ ಪ್ಲಾಂಟ್ ಎದ್ದಿತು. ಕಾರ್ನೆಲ್ ಯೂನಿವರ್ಸಿಟಿ ಈಗಲೂ ಬಳಸೋ ಪ್ಲಾಂಟ್ 1922ರದ್ದು. ಹಿಂಗೆ ಬೆಂಕಿ ಹುಡುಗ್ರ ರೂಮಿಂದ ಹೊರಗೆ ಹೋಯ್ತು, ಜೊತೆಗೆ ಎಷ್ಟು ಬಿಸಿ ಬೇಕು ಅಂತ ಹೇಳೋ ಅಧಿಕಾರನೂ ಹೋಯ್ತು.

ರಾತ್ರಿ ಎರಡು ಗಂಟೆಗೆ ಯಾರೋ ಸುತ್ತಿಗೆಲಿ ಪೈಪ್ ಹೊಡೆದಂಗೆ ಸದ್ದು ಬರತ್ತೆ. ದೆವ್ವನಾ?

ವಾಟರ್ ಹ್ಯಾಮರ್. ಪೈಪಲ್ಲಿ ಇಳಿಜಾರು ಸರಿ ಇಲ್ದಿದ್ರೆ ತಣ್ಣಗಾದ ನೀರು ತಗ್ಗಲ್ಲಿ ನಿಂತಿರತ್ತೆ, ಹೊಸ ಸ್ಟೀಮ್ ಜೋರಾಗಿ ಬಂದು ಆ ನೀರನ್ನ ಎತ್ತಿ ಮುಂದಿನ ತಿರುವಿಗೆ ಅಪ್ಪಳಿಸತ್ತೆ. ಹಳೇ ಒಂದೇ ಪೈಪಿನ ರೇಡಿಯೇಟರ್ ಆಗಿದ್ರೆ ವಾಲ್ವ್ ಪೂರ್ತಿ ತೆಗೀರಿ ಇಲ್ಲಾ ಪೂರ್ತಿ ಮುಚ್ಚಿ, ಅರ್ಧ ಇಟ್ರೆ ಒಳಗೆ ಬರೋ ಸ್ಟೀಮು ಹೊರಗೆ ಹೋಗೋ ನೀರು ಒಂದೇ ದಾರಿಲಿ ಗುದ್ದಾಡತ್ತೆ, ಗುಳುಗುಳು ಅನ್ನತ್ತೆ, ಕೆಲವು ಸಲ ಸೋರತ್ತೆ. ಇನ್ನು ಪಕ್ಕದಲ್ಲಿ ಸಣ್ಣ ಬೆಳ್ಳಿ ಬಣ್ಣದ ಕೊಳವೆ ಇರತ್ತಲ್ಲ ಉಸ್ಸ್ ಅನ್ನೋದು, ಅದು ಒಳಗಿನ ಗಾಳಿ ಬಿಡೋ ವೆಂಟ್, ಅದನ್ನ ಟೇಪ್ ಹಾಕಿ ಮುಚ್ಚಬೇಡಿ ಪ್ಲೀಸ್, ಗಾಳಿ ಹೊರಗೆ ಹೋಗ್ದಿದ್ರೆ ಸ್ಟೀಮ್ ಒಳಗೆ ಬರಲ್ಲ.

ಹೊರಗೆ ಮೈನಸ್ ಹದಿನೈದು, ಒಳಗೆ ಬೆವರು. ಎಲ್ರೂ ಕಿಟಕಿ ತೆಗ್ದಿದಾರೆ. ಇದೇನ್ ಹುಚ್ಚು?

ಇದರ ಹಿಂದೆ ಒಂದು ಕಾರಣ ಇದೆ, ಕೇಳಿದ್ರೆ ಆಶ್ಚರ್ಯ ಆಗತ್ತೆ. 20ನೇ ಶತಮಾನದ ಶುರುವಲ್ಲಿ ಮುಚ್ಚಿದ ರೂಮಿನ ಗಾಳಿ ಕಾಯಿಲೆ ತರತ್ತೆ ಅಂತ ಅಮೆರಿಕದಲ್ಲಿ ದೊಡ್ಡ ಚಳವಳಿನೇ ಇತ್ತು, ಕ್ಷಯ ಇತ್ತು, ಆಮೇಲೆ 1918ರ ಫ್ಲೂ ಬಂತು, ಚಳಿಗಾಲದಲ್ಲೂ ಕಿಟಕಿ ತೆಗೆದಿಡಿ ಅಂತ ಆರೋಗ್ಯ ಇಲಾಖೆಗಳೇ ಹೇಳ್ತಿದ್ವು. ಹಾಗಾಗಿ ಆ ಕಾಲದ ಎಂಜಿನಿಯರ್‌ಗಳು ವರ್ಷದ ಅತಿ ಚಳಿ ದಿನ, ಕಿಟಕಿ ತೆಗೆದಿದ್ರೂ ರೂಮ್ ಬೆಚ್ಚಗಿರಬೇಕು ಅಂತ ಲೆಕ್ಕ ಹಾಕಿ ರೇಡಿಯೇಟರ್ ಸೈಜ್ ಮಾಡಿದ್ರು. ಆಮೇಲೆ ಕಿಟಕಿಗಳು ಡಬಲ್ ಗ್ಲಾಸ್ ಆದ್ವು, ಗೋಡೆಗೆ ಇನ್ಸುಲೇಶನ್ ಬಂತು, ರೇಡಿಯೇಟರ್ ಮಾತ್ರ ಅದೇ. ಅಂದ್ರೆ ಕಿಟಕಿ ತೆಗೆಯೋ ನಿಮ್ಮ ಸೀನಿಯರ್ ಹುಚ್ಚ ಅಲ್ಲ, ಆ ವ್ಯವಸ್ಥೆ ಡಿಸೈನ್ ಮಾಡಿದಂಗೇ ಬಳಸ್ತಿದಾನೆ. ಶಕ್ತಿ ಪೋಲಾಗತ್ತೆ ಅನ್ನೋದೂ ನಿಜ.

ಇನ್ನೊಂದು, ತುಂಬಾ ಕಟ್ಟಡಗಳಲ್ಲಿ ಇಡೀ ಒಂದು ಫ್ಲೋರಿಗೋ ಒಂದು ಕಡೆಗೋ ಒಂದೇ ಸೆನ್ಸರ್ ಇರತ್ತೆ. ಅದು ಉತ್ತರ ದಿಕ್ಕಿನ ತಣ್ಣನೆ ರೂಮಲ್ಲಿದ್ರೆ ದಕ್ಷಿಣದವರಿಗೆ ಸೌನಾ. ಸೆನ್ಸರ್ ಇರೋ ರೂಮಿನವನು ಕಿಟಕಿ ತೆಗೆದಿಟ್ಟು ಮಲಗಿದ ಅಂದ್ರೆ ಮಿಕ್ಕವರ ಕಥೆ ಮುಗೀತು, ಇದಕ್ಕೆ ಜಗಳ ಆಗಿರೋದು ನಾನೇ ನೋಡಿದೀನಿ.

ರಸ್ತೆ ಮಧ್ಯೆ ಮ್ಯಾನ್‌ಹೋಲಿಂದ ಹೊಗೆ ಬರ್ತಿದೆ, ಫೋನ್ ಮಾಡ್ಬೇಕಾ?

ಅದು ಹೊಗೆ ಅಲ್ಲ, ಹಬೆ. ಹೆಚ್ಚಿನ ಸಲ ಮಳೆ ನೀರೋ ಕರಗಿದ ಹಿಮನೋ ಕಾದ ಪೈಪ್ ಮೇಲೆ ಬಿದ್ದು ಆವಿಯಾಗಿರತ್ತೆ, ಕೆಲವು ಸಲ ನಿಜವಾಗ್ಲೂ ಲೀಕ್ ಇರತ್ತೆ. ತುಂಬಾ ಜೋರಾಗಿ, ಸದ್ದು ಮಾಡ್ತಾ ಬಂದ್ರೆ ಮಾತ್ರ ಹೇಳಿ. ಹಿಮ ಬಿದ್ದ ಮಾರನೇ ಬೆಳಿಗ್ಗೆ ಗಮನಿಸಿ, ಲಾನ್ ಮಧ್ಯೆ ಉದ್ದಕ್ಕೆ ಒಂದು ಪಟ್ಟಿ ಹಿಮವೇ ಇಲ್ದೆ ಹಸಿರಾಗಿರತ್ತೆ, ಅದರ ಕೆಳಗೆ ಸ್ಟೀಮ್ ಲೈನ್ ಇದೆ ಅಂತ ಅರ್ಥ. ಅಳಿಲುಗಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

ಕ್ಯಾಂಪಸ್ ಕೆಳಗೆ ಸುರಂಗ ಇದೆ ಅಂತಾರಲ್ಲ, ಹೋಗ್ಬಹುದಾ?

ಎರಡು ತರ ಇದೆ. ಓಡಾಡೋಕೇ ಅಂತ ಮಾಡಿರೋದು ಒಂದು. ಕೆನಡಾದ ಒಟ್ಟಾವದಲ್ಲಿ ಕಾರ್ಲ್‌ಟನ್ ಯೂನಿವರ್ಸಿಟಿಲಿ ಸುಮಾರು 5 ಕಿಲೋಮೀಟರ್ ಸುರಂಗ ಇದೆ, ಪೈಪುಗಳೂ ಅಲ್ಲೇ ಜನಾನೂ ಅಲ್ಲೇ, ಗೋಡೆ ತುಂಬಾ ಸ್ಟೂಡೆಂಟ್ಸೇ ಬರೆದ ಚಿತ್ರಗಳು, ಜನವರಿಲೂ ಹುಡುಗ್ರು ಟೀಶರ್ಟ್ ಹಾಕ್ಕೊಂಡು ಹಾಸ್ಟೆಲಿಂದ ಕ್ಲಾಸಿಗೆ ಹೋಗ್ತಾರೆ. ಮಿನೆಸೋಟಾ ಯೂನಿವರ್ಸಿಟಿಲೂ ಗೋಫರ್ ವೇ ಅಂತ ಸುರಂಗ, ಮೇಲ್ಸೇತುವೆ ಸೇರಿಸಿ ದಾರಿ ಮಾಡಿದಾರೆ.

ಇನ್ನೊಂದು ಬರೀ ಪೈಪಿಗೆ ಅಂತ ಇರೋ ಸ್ಟೀಮ್ ಟನಲ್. ಅದಕ್ಕೆ ಹೋಗಬೇಡಿ. ಒಳಗೆ ವಿಪರೀತ ಸೆಖೆ, ಹಳೇ ಪೈಪಿನ ಸುತ್ತ ಆಸ್ಬೆಸ್ಟಾಸ್ ಇರಬಹುದು, ಒತ್ತಡದಲ್ಲಿರೋ ಸ್ಟೀಮ್ ಸಣ್ಣ ತೂತಿಂದ ಬಂದ್ರೆ ಕಣ್ಣಿಗೇ ಕಾಣಲ್ಲ, ಚರ್ಮ ಸುಡ್ತು ಅಂದಾಗ್ಲೇ ಗೊತ್ತಾಗೋದು. ಜೊತೆಗೆ ಅತಿಕ್ರಮ ಪ್ರವೇಶದ ಕೇಸು. ಇಲ್ಲಿನ ಹುಡುಗನಿಗೆ ಅದು ಬೈಗುಳದಲ್ಲಿ ಮುಗಿಯಬಹುದು, ವೀಸಾ ಮೇಲಿರೋ ನಿಮಗೆ ಬೇಡದ ತಲೆನೋವು. ಎಂಐಟಿಲಿ ರಾತ್ರಿ ಹೊತ್ತು ಸುರಂಗ, ಛಾವಣಿ ಸುತ್ತೋದು ಒಂದು ಹಳೇ ಸಂಪ್ರದಾಯನೇ, ಅದೂ ನಿಯಮದ ವಿರುದ್ಧನೇ.

ಸುರಂಗದ ಹೆಸರು ಕೆಟ್ಟಿದ್ದಕ್ಕೆ 1979ರ ಒಂದು ಘಟನೆನೂ ಕಾರಣ. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಲಿ 16 ವರ್ಷದ ಒಬ್ಬ ತುಂಬಾ ಬುದ್ಧಿವಂತ ಹುಡುಗ ಕಾಣೆಯಾದ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ, ಕಾಲ್ಪನಿಕ ಪಾತ್ರ ವಹಿಸಿ ಆಡೋ ಆಟನ ಸ್ಟೀಮ್ ಟನಲ್ಲಲ್ಲಿ ಆಡೋಕೆ ಹೋಗಿ ಕಳೆದುಹೋದ ಅಂತ ಪೇಪರ್‌ಗಳು ವಾರಗಟ್ಟಲೆ ಬರೆದ್ವು, ದೇಶದ ತುಂಬಾ ತಂದೆತಾಯಿ ಆ ಆಟಕ್ಕೆ ಹೆದರಿದ್ರು. ನಿಜದಲ್ಲಿ ಆಟಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ, ಪಾಪ ಆ ಮಗು ಒಂಟಿತನ, ಓದಿನ ಒತ್ತಡದಲ್ಲಿ ಕುಗ್ಗಿಹೋಗಿತ್ತು. ಸುರಂಗದ ಬಗ್ಗೆ ಮಾತಾಡೋರು ಈ ಭಾಗ ಬಿಟ್ಟೇ ಹೇಳ್ತಾರೆ. ನಿಮಗೂ ಆ ತರ ಅನ್ನಿಸಿದ್ರೆ ಕ್ಯಾಂಪಸ್ ಕೌನ್ಸೆಲಿಂಗ್ ಸೆಂಟರಿಗೆ ಹೋಗಿ, ಮನೆಯವರಿಗೆ ಗೊತ್ತಾಗತ್ತೆ ಅನ್ನೋ ಭಯ ಬೇಡ.

ಹೀಟಿಂಗ್ ಪ್ಲಾಂಟಿಗೂ ಕ್ಲಾಸಿಗೂ ಏನಾದ್ರೂ ಸಂಬಂಧ ಇತ್ತಾ?

ಜಾರ್ಜಿಯಾ ಟೆಕ್‌ನಲ್ಲಿ ಇತ್ತು. ಪ್ಲಾಂಟಿನ ಸ್ಟೀಮಿಂದ ಕೂಗೋ ಸೈರನ್ ತರದ ವಿಸಲ್ ದಶಕಗಟ್ಟಲೆ ಗಂಟೆಗೆ ಐದು ನಿಮಿಷ ಮುಂಚೆ ಊದಿ ಕ್ಲಾಸ್ ಬಿಡಿಸ್ತಿತ್ತು, ಫುಟ್ಬಾಲ್ ಗೆದ್ರೂ ಊದತ್ತೆ. ಹುಡುಗ್ರು ಆ ವಿಸಲ್ಲನ್ನೇ ಹಲವು ಸಲ ಕದ್ದಿದಾರೆ, ಅದೇ ಒಂದು ಹೆಮ್ಮೆ ಅವರಿಗೆ.

ಹೀಟಿಂಗ್ ಕೈ ಕೊಟ್ಟಿದ್ದು ಉಂಟಾ? ದೊಡ್ಡ ಮಟ್ಟದಲ್ಲಿ?

1973ರ ಚಳಿಗಾಲ. ಅರಬ್ ದೇಶಗಳು ತೈಲ ನಿಲ್ಲಿಸಿದ್ವು, ನವೆಂಬರಲ್ಲಿ ಅಧ್ಯಕ್ಷ ನಿಕ್ಸನ್ ಟೀವಿಲಿ ಬಂದು ಥರ್ಮೋಸ್ಟಾಟ್ (ಮನೆ ಎಷ್ಟು ಬಿಸಿ ಇರಬೇಕು ಅಂತ ಸೆಟ್ ಮಾಡೋ ಸಾಧನ) 68 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಿ ಅಂದ್ರು, ನಮ್ಮ ಲೆಕ್ಕದಲ್ಲಿ 20. ಎಣ್ಣೆ ಸುಟ್ಟು ಬಿಸಿ ಮಾಡ್ತಿದ್ದ ನ್ಯೂ ಇಂಗ್ಲೆಂಡಿನ ಕೆಲವು ಕಾಲೇಜುಗಳು ಡಿಸೆಂಬರ್ ರಜೆನೇ ಉದ್ದ ಮಾಡಿ ಹುಡುಗ್ರನ್ನ ಮನೆಗೆ ಕಳಿಸಿ ಕಟ್ಟಡಗಳನ್ನ ತಣ್ಣಗೆ ಬಿಟ್ವು. 1977ರ ಫೆಬ್ರವರಿಲಿ ಆಗಿನ ಅಧ್ಯಕ್ಷ ಕಾರ್ಟರ್ ಸ್ವೆಟರ್ ಹಾಕ್ಕೊಂಡೇ ಟೀವಿಲಿ ಕೂತು ಹಗಲು 65, ರಾತ್ರಿ 55 ಇಡಿ ಅಂದ್ರು. 55 ಅಂದ್ರೆ 13 ಡಿಗ್ರಿ ಸ್ವಾಮಿ, ನಮ್ಮ ಅಜ್ಜಿ ಕೇಳಿದ್ರೆ ಬೈದೇಬಿಡ್ತಿದ್ರು.

ಈಚೆಗೆ ಅಂದ್ರೆ 2019ರ ಜನವರಿ 30. ಪೋಲಾರ್ ವಾರ್ಟೆಕ್ಸ್ (ಉತ್ತರ ಧ್ರುವದ ಕಡೆಯಿಂದ ಇಳಿದು ಬರೋ ಕೊರೆಯೋ ಗಾಳಿ) ಚಳಿಗೆ ಮಿಷಿಗನ್ ಯೂನಿವರ್ಸಿಟಿ ಸೇರಿ ತುಂಬಾ ಕಡೆ ಕ್ಲಾಸ್ ರದ್ದಾಗಿತ್ತು, ಅದೇ ದಿನ ಮಿಷಿಗನ್ನಿನ ಗ್ಯಾಸ್ ಸಪ್ಲೈ ಕೇಂದ್ರವೊಂದಕ್ಕೆ ಬೆಂಕಿ ಬಿತ್ತು. ರಾತ್ರಿ ಜನರ ಫೋನಿಗೆಲ್ಲ ಎಮರ್ಜೆನ್ಸಿ ಅಲರ್ಟ್, ಥರ್ಮೋಸ್ಟಾಟ್ 65ಕ್ಕೆ ಇಳಿಸಿ ಅಂತ. ಡಾರ್ಮಲ್ಲಿ ಇದ್ದವರು ಇಳಿಸೋದಾದ್ರೂ ಏನನ್ನ?

ಹೀಟಿಂಗ್ ಪ್ಲಾಂಟಲ್ಲಿ ಕಲ್ಲಿದ್ದಲು ಸುಡೋದರ ವಿರುದ್ಧ ಸ್ಟೂಡೆಂಟ್ಸ್ ಪ್ರೊಟೆಸ್ಟ್ ಮಾಡಿದ್ದು ಏನಾಯ್ತು?

ಕೆಲವು ಕಡೆ ಕೆಲಸ ಆಯ್ತು. ವಿಸ್ಕಾನ್ಸಿನ್ ಮ್ಯಾಡಿಸನ್ ಕ್ಯಾಂಪಸ್ಸಿನ ಚಾರ್ಟರ್ ಸ್ಟ್ರೀಟ್ ಪ್ಲಾಂಟಿಗೆ ರೈಲಲ್ಲಿ ಕಲ್ಲಿದ್ದಲು ಬರ್ತಿತ್ತು, ಊರ ಮಧ್ಯೆನೇ. ಸಿಯೆರಾ ಕ್ಲಬ್ ಅನ್ನೋ ಪರಿಸರ ಸಂಘಟನೆ ಕೇಸ್ ಹಾಕ್ತು, 2007ರಲ್ಲಿ ಫೆಡರಲ್ ಕೋರ್ಟ್ ಶುದ್ಧ ಗಾಳಿ ಕಾನೂನು ಮುರಿದಿದೀರಿ ಅಂತ ಹೇಳ್ತು. ಕಲ್ಲಿದ್ದಲ ಬದಲು ಮರದ ಚೂರು, ಹುಲ್ಲು ಇಂಥದ್ದು ಸುಡೋ ಪ್ಲಾನ್ ಬಂತು, 2011ರಲ್ಲಿ ಸರ್ಕಾರ ಬದಲಾಗಿ ಅದು ಬಿದ್ದುಹೋಯ್ತು, ಕೊನೆಗೆ ನ್ಯಾಚುರಲ್ ಗ್ಯಾಸ್ ಆಯ್ತು. ಕಾರ್ನೆಲ್ 2011ರಲ್ಲಿ ಕಲ್ಲಿದ್ದಲು ಬಿಡ್ತು, ಮಿಷಿಗನ್ ಸ್ಟೇಟ್ 2016ರಲ್ಲಿ, ಅಲ್ಲಿ ಹುಡುಗ್ರು ವರ್ಷಗಟ್ಟಲೆ ಗಲಾಟೆ ಮಾಡಿದ್ರು.

ನನ್ನ ಪ್ರಕಾರ ನಿಜವಾದ ಹೀರೋ ಇಂಡಿಯಾನಾದ ಬಾಲ್ ಸ್ಟೇಟ್ ಯೂನಿವರ್ಸಿಟಿ, ಅದರ ಹೆಸರು ನಮ್ಮವರು ಕೇಳಿರೋದೇ ಕಮ್ಮಿ. ವರ್ಷಕ್ಕೆ ಸುಮಾರು 36,000 ಟನ್ ಕಲ್ಲಿದ್ದಲು ಸುಡ್ತಿದ್ದ ಕ್ಯಾಂಪಸ್. ಬಾಯ್ಲರ್‌ಗಳು 1940, 50ರ ದಶಕದ್ದು. ಬದಲಾಯಿಸಲೇಬೇಕು ಅಂದಾಗ ಹೊಸ ಬಾಯ್ಲರ್ ಹಾಕೋದು ಬಿಟ್ಟು 2009ರಲ್ಲಿ ಪಾರ್ಕಿಂಗ್ ಲಾಟು, ಆಟದ ಮೈದಾನಗಳಲ್ಲೆಲ್ಲ ಬೋರ್ ಕೊರೆಯೋಕೆ ಶುರು ಮಾಡಿದ್ರು. ನೀರಿಗಲ್ಲ, ಬಿಸಿಗೆ. ಸುಮಾರು 3,600 ಬೋರ್, ಒಂದೊಂದು ನಾನೂರು ಐನೂರು ಅಡಿ. ಬೇಸಿಗೆಲಿ ಕಟ್ಟಡಗಳ ಬಿಸಿ ನೆಲಕ್ಕೆ ಇಳಿಸೋದು, ಚಳಿಗಾಲದಲ್ಲಿ ಅದನ್ನೇ ಹೀಟ್ ಪಂಪಿಂದ (ಫ್ರಿಜ್ ತರ ಒಂದು ಕಡೆಯ ಬಿಸಿ ಹೀರಿ ಇನ್ನೊಂದು ಕಡೆ ಬಿಡೋ ಯಂತ್ರ) ಮೇಲೆತ್ತೋದು. 2014ರ ಮಾರ್ಚಲ್ಲಿ ಕಲ್ಲಿದ್ದಲು ಬಾಯ್ಲರ್ ಪೂರ್ತಿ ಬಂದ್.

ನಮ್ಮ ಕ್ಯಾಂಪಸ್ಸಲ್ಲಿ ಎಲ್ಲಿ ನೋಡಿದ್ರೂ ಅಗೀತಿದಾರೆ. ಏನಕ್ಕೆ?

ಬಹುಶಃ ಸ್ಟೀಮ್ ತೆಗೆದು ಬಿಸಿನೀರಿನ ಲೈನ್ ಹಾಕ್ತಿದಾರೆ. ಸ್ಟೀಮ್ ಲೈನ್ ತುಂಬಾ ಬಿಸಿ, ದಾರಿಲೇ ಸಿಕ್ಕಾಪಟ್ಟೆ ಸೋರಿಹೋಗತ್ತೆ, ಜೊತೆಗೆ ಹೀಟ್ ಪಂಪ್ ಅಷ್ಟು ಬಿಸಿ ಸಲೀಸಾಗಿ ಕೊಡಲ್ಲ. ನೀರಾದ್ರೆ ಎಪ್ಪತ್ತು ಎಂಬತ್ತು ಡಿಗ್ರಿ ಸಾಕು. ಸ್ಟ್ಯಾನ್‌ಫರ್ಡ್ 2015ರಲ್ಲಿ ಹಿಂಗೆ ಬದಲಾಯ್ತು, ಅವರು ಮಾಡಿದ ಜಾಣತನ ಏನಂದ್ರೆ ಲ್ಯಾಬು, ಆಫೀಸು ತಣ್ಣಗೆ ಮಾಡುವಾಗ ಹೊರಗೆ ಎಸೀತಿದ್ದ ಬಿಸಿನೇ ಹಿಡಿದು ಬಿಸಿನೀರಿಗೆ ಬಳಸ್ಕೊಂಡ್ರು. ಪ್ರಿನ್ಸ್‌ಟನ್‌ನಲ್ಲೂ ನೂರಾರು ಬೋರ್ ಕೊರೆದು ಅದೇ ಕೆಲಸ ನಡೀತಿದೆ. ಕಾರ್ನೆಲ್ಲಂತೂ 2000ದಿಂದ ಕಯೂಗಾ ಸರೋವರದ ಆಳದ ತಣ್ಣೀರಿಂದ ಕ್ಯಾಂಪಸ್ ತಂಪು ಮಾಡ್ತಿದೆ, 2022ರ ಬೇಸಿಗೆಲಿ ಸುಮಾರು 3 ಕಿಲೋಮೀಟರ್ ಆಳಕ್ಕೆ ಒಂದು ಬಾವಿ ಕೊರೆದು ಭೂಮಿ ಒಳಗಿನ ಬಿಸಿ ಸಿಗತ್ತಾ ಅಂತ ಪರೀಕ್ಷೆ ಮಾಡ್ತು. ಅಷ್ಟರಲ್ಲಿ ನೀವು ಕ್ಲಾಸಿಗೆ ಸುತ್ತಿ ಬಳಸಿ ಹೋಗ್ಬೇಕು, ಬೇರೆ ದಾರಿ ಇಲ್ಲ.

ಅಕ್ಟೋಬರ್ ಬಂದ್ರೂ ಹೀಟ್ ಆನ್ ಮಾಡಿಲ್ಲ. ಕಂಜೂಸ್‌ಗಳಾ?

ಸ್ವಲ್ಪ ಅದೂ ಇದೆ. ಆದ್ರೆ ತುಂಬಾ ಕಟ್ಟಡಗಳಲ್ಲಿ ಒಂದೇ ಜೋಡಿ ಪೈಪಲ್ಲಿ ಬೇಸಿಗೆಲಿ ತಣ್ಣೀರು, ಚಳಿಗಾಲದಲ್ಲಿ ಬಿಸಿನೀರು ಹರಿಯತ್ತೆ. ಇವತ್ತು ಚಳಿ ನಾಳೆ ಸೆಖೆ ಅಂತ ದಿನಾ ಬದಲಾಯಿಸೋಕಾಗಲ್ಲ, ವರ್ಷಕ್ಕೆ ಎರಡೇ ಸಲ. ಹಾಗಾಗಿ ಅಕ್ಟೋಬರಲ್ಲಿ ನಡುಗ್ತೀರಿ, ಏಪ್ರಿಲಲ್ಲಿ ಬೇಯ್ತೀರಿ. ಒಂದು ದಪ್ಪ ರಜಾಯಿ ಮೊದಲೇ ತಗೊಂಡ್ಬಿಡಿ.

ಸ್ಪೇಸ್ ಹೀಟರ್ (ರೂಮಲ್ಲಿ ಇಟ್ಕೊಳೋ ಸಣ್ಣ ಕರೆಂಟ್ ಹೀಟರ್) ತಗೊಳ್ಲಾ?

ಡಾರ್ಮಲ್ಲಿ ಸಾಮಾನ್ಯವಾಗಿ ನಿಷೇಧ, ಇನ್ಸ್‌ಪೆಕ್ಷನ್ನಲ್ಲಿ ಸಿಕ್ರೆ ಎತ್ಕೊಂಡು ಹೋಗ್ತಾರೆ. ಹೊರಗಡೆ ಮನೆಲಿದ್ರೆ ಓಕೆ, ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕ್ಬೇಡಿ, ಗೋಡೆ ಪ್ಲಗ್ಗಿಗೇ ಹಾಕಿ.

ದೋಸೆ ಹಿಟ್ಟು ಹುಳಿ ಬರ್ತಿಲ್ಲ, ರೇಡಿಯೇಟರ್ ಮೇಲೆ ಇಡಬಹುದಾ?

ಎಲ್ಲರೂ ಕೇಳೋ ಪ್ರಶ್ನೆ ಇದು, ಕೊನೆಗೆ ಹಾಕಿದ್ದಕ್ಕೆ ಕ್ಷಮೆ ಇರಲಿ. ನೇರವಾಗಿ ಮೇಲೆ ಇಡಬೇಡಿ, ಸ್ಟೀಮ್ ರೇಡಿಯೇಟರ್ ಹತ್ರ ಹತ್ರ ನೂರು ಡಿಗ್ರಿಗೆ ಹೋಗತ್ತೆ, ಪಾತ್ರೆ ತಳದಲ್ಲಿ ಹಿಟ್ಟು ಬೆಂದು ಇಡ್ಲಿ ಆಗಿರತ್ತೆ, ಮೇಲೆ ಹಸಿ ಹಂಗೇ. ಒಂದಡಿ ದೂರ ಕುರ್ಚಿ ಮೇಲೆ ಟವೆಲ್ ಸುತ್ತಿ ಇಡಿ, ದೊಡ್ಡ ಪಾತ್ರೆ ತಗೊಳಿ, ಇಲ್ಲಾಂದ್ರೆ ರಾತ್ರೋರಾತ್ರಿ ಉಕ್ಕಿ ಕಾರ್ಪೆಟ್ ಪಾಲಾಗತ್ತೆ, ಆ ವಾಸನೆ ರೂಮ್‌ಮೇಟಿಗೆ ವಿವರಿಸೋದು ಕಷ್ಟ. ಮೊಸರಿಗೂ ಇದೇ ಜಾಗ. ಗಟ್ಟಿಯಾದ ಕೊಬ್ಬರಿ ಎಣ್ಣೆ ಬಾಟಲಿನೂ ಅಲ್ಲೇ ಇಡಿ, ಅದು ಸುಮಾರು 24 ಡಿಗ್ರಿ ದಾಟಿದ್ರೆ ಕರಗತ್ತೆ, ಸ್ನಾನ ಮುಗಿಯೋದ್ರೊಳಗೆ ರೆಡಿ.

ಮೂಗು ಒಣಗತ್ತೆ, ಬಾಗಿಲ ಹಿಡಿ ಮುಟ್ಟಿದ್ರೆ ಶಾಕ್ ಹೊಡಿಯತ್ತೆ. ಹೀಟರ್ ಕೆಟ್ಟಿದೆಯಾ?

ಇಲ್ಲ. ಹೊರಗಿನ ಕೊರೆಯೋ ಗಾಳಿಲಿ ತೇವ ಬಹಳ ಕಮ್ಮಿ ಇರತ್ತೆ, ಅದನ್ನೇ ಬಿಸಿ ಮಾಡಿದಾಗ ಇನ್ನೂ ಒಣ ಅನ್ನಿಸತ್ತೆ. ಗಾಳಿಗೆ ತೇವ ಸೇರಿಸೋ ಸಣ್ಣ ಹ್ಯುಮಿಡಿಫೈಯರ್ ತಗೊಳಿ, ಇಲ್ಲಾ ರೂಮಲ್ಲೇ ಬಟ್ಟೆ ಒಣಗಿಸಿ, ಒಂದೇ ಕಲ್ಲಿಗೆ ಎರಡು ಹಕ್ಕಿ. ಮೂಗಿಗೆ ಮಲಗುವಾಗ ಒಂಚೂರು ವ್ಯಾಸಲೀನ್.

ಡಿಸೆಂಬರಲ್ಲಿ ಊರಿಗೆ ಹೋಗ್ತಿದೀನಿ. ಬಿಲ್ ಉಳಿಸೋಕೆ ಹೀಟ್ ಪೂರ್ತಿ ಆಫ್ ಮಾಡ್ಲಾ?

ಹೊರಗಡೆ ಅಪಾರ್ಟ್‌ಮೆಂಟಲ್ಲಿದ್ರೆ ಖಂಡಿತ ಬೇಡ. 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ಇಳಿಸಬೇಡಿ. ಪೈಪಲ್ಲಿ ನೀರು ಹೆಪ್ಪುಗಟ್ಟಿದ್ರೆ ಹಿಗ್ಗಿ ಪೈಪ್ ಒಡೆಯತ್ತೆ, ಆಗ ಗೊತ್ತಾಗಲ್ಲ, ಕರಗಿದ ದಿನ ಕೆಳಗಿನ ಮನೆಯವರ ತಲೆ ಮೇಲೆ ನೀರು ಸುರಿಯತ್ತೆ, ಬಿಲ್ ನಿಮ್ಮ ಮೇಲ್‌ಗೆ ಬರತ್ತೆ. ಕಿಟಕಿ ಚಿಲಕ ಹಾಕಿದೀರಾ ನೋಡಿ, ಸಿಂಕ್ ಕೆಳಗಿನ ಬಾಗಿಲು ತೆಗೆದಿಡಿ, ಪೈಪಿಗೆ ರೂಮಿನ ಬಿಸಿ ತಾಗಲಿ. ಡಾರ್ಮಲ್ಲಿದ್ರೆ ಕಿಟಕಿ ಒಂದು ಮುಚ್ಚಿ ಹೋಗಿ ಸಾಕು, ಮಿಕ್ಕಿದ್ದು ಪ್ಲಾಂಟಿನವರು ನೋಡ್ಕೋತಾರೆ, ಅವರಿಗೆ ಕ್ರಿಸ್ಮಸ್ ದಿನನೂ ಡ್ಯೂಟಿ ಇರತ್ತೆ.